ಹರಾಜಿಗೆ ನಿಲುಕದ ಬೆಲೆ: ವೆಡ್ಜ್‌ವುಡ್ ಸಂಗ್ರಹ ಉಳಿದ ಬಗೆ

2011ರ ಡಿಸೆಂಬರ್‌ನಲ್ಲಿ ಇಂಗ್ಲೆಂಡಿನ ಹೈಕೋರ್ಟು ಒಂದು ತೀರ್ಪು ಕೊಟ್ಟಿತು. ಸ್ಟಾಫರ್ಡ್‌ಶೈರ್ ಸೀಮೆಯ ಬಾರ್ಲಸ್ಟನ್ ಎಂಬ ಹಳ್ಳಿಯಲ್ಲಿರುವ ವೆಡ್ಜ್‌ವುಡ್ ಮ್ಯೂಸಿಯಮ್ಮಿನ ಪಿಂಗಾಣಿ, ಹೂದಾನಿ, ವರ್ಣಚಿತ್ರ, ಕಾಗದಪತ್ರಗಳನ್ನೆಲ್ಲ ಮಾರಿ, ಬಂದ ಹಣವನ್ನು ಮುಳುಗಿಹೋದ ಕಂಪನಿಯೊಂದರ ಪಿಂಚಣಿ ಸಾಲಕ್ಕೆ ಜಮಾ ಮಾಡಬಹುದು ಎಂಬುದು ಅದರ ಸಾರ. ಸುಮಾರು 80,000 ವಸ್ತು ಮತ್ತು ದಾಖಲೆಗಳಿದ್ದ ಆ ಸಂಗ್ರಹ ಇನ್ನೂರೈವತ್ತು ವರ್ಷಗಳಲ್ಲಿ ಕೂಡಿಬಂದದ್ದು. ಅದೇ 2011ರಲ್ಲಿ ಅದರ ಕಾಗದಪತ್ರಗಳು ಯುನೆಸ್ಕೊದ ವಿಶ್ವಸ್ಮೃತಿ ಯೋಜನೆಯ ಬ್ರಿಟಿಷ್ ಪಟ್ಟಿಗೆ ಸೇರಿದ್ದವು. 2009ರಲ್ಲಿ ಮ್ಯೂಸಿಯಮ್ಮಿಗೆ ಆರ್ಟ್ ಫಂಡ್ ಸಂಸ್ಥೆಯ ದೊಡ್ಡ ಬಹುಮಾನವೂ ಬಂದಿತ್ತು. ಇಂಥದ್ದನ್ನು ಮಾರಬಾರದು ಎಂದು ವಾದಿಸುವವರು ಸಾಮಾನ್ಯವಾಗಿ ಎರಡು ಕಾರಣ ಕೊಡುತ್ತಾರೆ: ಅದು ದೇಶದ ಹೆಮ್ಮೆ, ಅದು ಅಪರೂಪದ ಸೌಂದರ್ಯ. ಎರಡೂ ನನಗೆ ದುರ್ಬಲವಾಗಿ ಕಾಣುತ್ತವೆ. ಚೆಂದದ ಹೂದಾನಿ ಯಾರ ಮನೆಯಲ್ಲಿದ್ದರೂ ಚೆಂದವೇ. ಸಮುದ್ರ ದಾಟಿ ಹೋದರೆ ಅದರ ನೀಲಿ ಮಾಸುವುದಿಲ್ಲ. ಆ ಸಂಗ್ರಹವನ್ನು ಒಡೆಯಬಾರದು ಎನ್ನುವುದಕ್ಕೆ ಇವಕ್ಕಿಂತ ಗಟ್ಟಿಯಾದ ಕಾರಣವಿದೆ. ಅದರಲ್ಲಿ ಮಾರಲೆಂದು ಮಾಡಿದ ವಸ್ತುಗಳ ಜೊತೆಗೆ ತಿಳಿಯಲೆಂದು ಮಾಡಿದ ವಸ್ತುಗಳೂ ಇವೆ. ಈ ಎರಡನೆಯ ಬಗೆಯವುಗಳ ಬೆಲೆ ಅವು ಒಟ್ಟಿಗೆ ಇರುವವರೆಗೆ ಮಾತ್ರ ಉಳಿಯುತ್ತದೆ. ಒಂದೊಂದನ್ನೇ ಎತ್ತಿ ಕೂಗುವ ಹರಾಜಿಗೆ ಅದು ಕಾಣುವುದಿಲ್ಲ.

ಈ ಮಾತು ನಿಲ್ಲಬೇಕಾದರೆ ಮೊದಲು ವೆಡ್ಜ್‌ವುಡ್ ಏನು ಮಾಡಿದ ಎಂಬುದನ್ನು ನೋಡಬೇಕು. ಜೋಸಾಯ ವೆಡ್ಜ್‌ವುಡ್ 1730ರಲ್ಲಿ ಬರ್ಸ್ಲೆಮ್ ಎಂಬ ಊರಿನಲ್ಲಿ, ತಲೆಮಾರುಗಳಿಂದ ಮಣ್ಣು ತುಳಿಯುತ್ತ ಬಂದಿದ್ದ ಕುಂಬಾರರ ಮನೆಯಲ್ಲಿ ಹುಟ್ಟಿದ. ಬಾಲ್ಯದಲ್ಲಿ ಬಂದ ಸಿಡುಬು ಅವನ ಬಲಮಂಡಿಯನ್ನು ಕೆಡಿಸಿತು. ಕಾಲಿನಿಂದ ಒದ್ದು ತಿಗರಿ ತಿರುಗಿಸುವ ಕಸುಬಿನಲ್ಲಿ ಇದು ಸಣ್ಣ ಊನವೇನಲ್ಲ. ಕೈಕೆಲಸದಿಂದ ಅವನ ಗಮನ ಮಣ್ಣು, ಮೆರುಗು, ಬೆಂಕಿಗಳ ಗುಣದ ಕಡೆಗೆ ಹೊರಳಿದ್ದರಲ್ಲಿ ಈ ಕಾಲಿನ ಪಾಲೂ ಇದೆ ಎಂದು ಅವನ ಚರಿತ್ರೆ ಬರೆದವರು ಹೇಳುತ್ತಾರೆ. 1754ರಿಂದ 1759ರವರೆಗೆ ಅವನು ಥಾಮಸ್ ವೀಲ್ಡನ್ ಎಂಬ ಹೆಸರಾಂತ ಕುಂಬಾರನ ಪಾಲುಗಾರನಾಗಿದ್ದ. ಆ ಪಾಲುಗಾರಿಕೆಯ ಕೊನೆಯಲ್ಲಿ, 1759ರ ಆರಂಭದಲ್ಲಿ, ಒಂದು ಪ್ರಯೋಗ ಪುಸ್ತಕ ತೆರೆದ. ಅಂದಿನ ಸ್ಟಾಫರ್ಡ್‌ಶೈರಿನಲ್ಲಿ ಕುಂಬಾರಿಕೆಯ ವಿದ್ಯೆ ತಂದೆಯ ಕೈಯಿಂದ ಮಗನ ಕೈಗೆ ಸಾಗುತ್ತಿತ್ತು. ಅಳತೆ ಎಂದರೆ ಅಂದಾಜು. ವೆಡ್ಜ್‌ವುಡ್ ಪ್ರತಿ ಮಿಶ್ರಣಕ್ಕೂ ಒಂದು ಅಂಕಿ ಕೊಟ್ಟ. ಯಾವ ಮಣ್ಣು ಎಷ್ಟು, ಸುಟ್ಟು ಪುಡಿಮಾಡಿದ ಚಕಮಕಿ ಕಲ್ಲು ಎಷ್ಟು, ಫಲ ಏನು ಎಂದು ಬರೆದ. ಗೆದ್ದದ್ದನ್ನು ಬರೆದ ಹಾಗೆಯೇ ಸೋತದ್ದನ್ನೂ ಬರೆದ. ಅದರಿಂದ ಬಂದ ಕೆನೆಬಣ್ಣದ ಪಾತ್ರೆಗಳನ್ನು 1765ರಲ್ಲಿ ರಾಣಿ ಶಾರ್ಲೆಟ್ ತರಿಸಿಕೊಂಡಳು. ‘ಕ್ವೀನ್ಸ್ ವೇರ್’ ಎಂಬ ಹೆಸರು ಹೊತ್ತು ಅವು ಯುರೋಪಿನ ಊಟದ ಮೇಜುಗಳಿಗೆಲ್ಲ ಹರಡಿದವು. ರಷ್ಯಾದ ಚಕ್ರವರ್ತಿನಿ ಎರಡನೆಯ ಕ್ಯಾಥರೀನ್‌ಗೆಂದು 1773-74ರಲ್ಲಿ ಮಾಡಿದ 952 ಪಾತ್ರೆಗಳ ಊಟದ ಸೆಟ್ಟಿನ ಮೇಲೆ ಇಂಗ್ಲೆಂಡಿನ ಸಾವಿರದ ಇನ್ನೂರಕ್ಕೂ ಹೆಚ್ಚು ದೃಶ್ಯಗಳನ್ನು ಬರೆಯಲಾಗಿತ್ತು. ಆ ಪಾತ್ರೆಗಳು ಇಂದು ರಷ್ಯಾದ ಹರ್ಮಿಟಾಜ್ ಮ್ಯೂಸಿಯಮ್ಮಿನಲ್ಲಿವೆ.

ಆದರೆ ನನ್ನ ವಾದಕ್ಕೆ ಬೇಕಾದ ಸಾಕ್ಷಿ ಆ ವೈಭವದ ಪಾತ್ರೆಗಳಲ್ಲಿ ಸಿಗುವುದಿಲ್ಲ. ಅದು ಸಿಗುವುದು ಬೆರಳಗಲದ ಚೂರುಗಳಲ್ಲಿ. 1770ರ ದಶಕದಲ್ಲಿ ವೆಡ್ಜ್‌ವುಡ್ ಜಾಸ್ಪರ್ ಎಂದು ತಾನೇ ಹೆಸರಿಟ್ಟ ಹೊಸ ಬಗೆಯ ಪಿಂಗಾಣಿಯ ಬೆನ್ನು ಹತ್ತಿದ. ತಿಳಿನೀಲಿ ಮೈಯ ಮೇಲೆ ಬಿಳಿಯ ಉಬ್ಬುಚಿತ್ರಗಳಿರುವ, ಇಂದಿಗೂ ಅವನ ಹೆಸರು ಹೇಳಿದೊಡನೆ ಕಣ್ಣಿಗೆ ಬರುವ ಬಗೆ ಅದು. ಮೆರುಗಿನ ಲೇಪವಿಲ್ಲದೆ ಮೈಯಲ್ಲೇ ಬಣ್ಣ ಹಿಡಿಯುವ ಮಣ್ಣನ್ನು ಹದಕ್ಕೆ ತರಲು ಸಾವಿರಾರು ಪ್ರಯೋಗಗಳು ಬೇಕಾದವು. ಕೊನೆಗೆ ಡರ್ಬಿಶೈರಿನ ಗಣಿಗಳಲ್ಲಿ ಸಿಗುವ ಬೇರಿಯಂ ಖನಿಜವೊಂದು ಕೈಹಿಡಿಯಿತು. ಪ್ರತಿ ಪ್ರಯೋಗಕ್ಕೂ ಒಂದು ಪುಟ್ಟ ಬಿಲ್ಲೆ ಸುಟ್ಟು, ಅದರ ಮೇಲೆ ಪ್ರಯೋಗ ಪುಸ್ತಕದ ಅಂಕಿಯನ್ನು ಗುರುತು ಹಾಕಿ, ತಟ್ಟೆಗಳಲ್ಲಿ ಸಾಲಾಗಿ ಜೋಡಿಸಿಟ್ಟ. ಕೆಲವು ಬಿಲ್ಲೆಗಳ ಮೇಲೆ ಅಂಕಿಯ ಜೊತೆಗೆ ‘ಟಿಬಿಒ’, ‘ಟಿಟಿಬಿಒ’ ಎಂಬ ಅಕ್ಷರಗಳಿವೆ. ಮೊದಲನೆಯದು ಆವಿಗೆಯ ಮೇಲ್ಭಾಗದಲ್ಲಿ, ಎರಡನೆಯದು ಆವಿಗೆಯ ತೀರ ನೆತ್ತಿಯಲ್ಲಿ ಇಟ್ಟು ಸುಟ್ಟದ್ದು ಎಂಬುದರ ಗುರುತು. ಆವಿಗೆಯಷ್ಟು ಹೆಚ್ಚಿನ ಉಷ್ಣ ಅಳೆಯುವ ಸಾಧನವೇ ಇಲ್ಲದಿದ್ದ ಕಾಲದಲ್ಲಿ, ಬೆಂಕಿ ಎಷ್ಟು ತಾಗಿತು ಎಂಬುದನ್ನು ಆವಿಗೆಯೊಳಗಿನ ಜಾಗದಿಂದ ಗುರುತಿಸಿದ ಕ್ರಮ ಇದು. ಅಂಥ ಸಾಧನವನ್ನು ಮುಂದೆ ಅವನೇ ರೂಪಿಸಿದ. ಕಾವಿಗೆ ಕುಗ್ಗುವ ಜೇಡಿಮಣ್ಣಿನ ತುಂಡುಗಳನ್ನು ಅಳೆದು ಆವಿಗೆಯ ಉಷ್ಣವನ್ನು ಹೇಳುವ ಆ ಉಪಾಯವನ್ನು 1782ರಲ್ಲಿ ರಾಯಲ್ ಸೊಸೈಟಿಯ ಮುಂದಿಟ್ಟ. ಮರುವರ್ಷ ಅದರ ಸದಸ್ಯನಾದ.

ಈಗ ಆ ಬಿಲ್ಲೆಯೊಂದನ್ನು ಹರಾಜಿನ ಮೇಜಿನ ಮೇಲೆ ಇಟ್ಟು ನೋಡೋಣ. ಬಣ್ಣ ಕೆಟ್ಟ, ಅಂಚು ಬಾಗಿದ, ಮೇಲೊಂದು ಅಂಕಿ ಇರುವ ಮಣ್ಣಿನ ತುಂಡು. ವೆಡ್ಜ್‌ವುಡ್ಡನ ಕೈ ಸೋಕಿದ್ದು ಎಂಬ ಕಾರಣಕ್ಕೆ ಯಾರೋ ಅಭಿಮಾನಿ ಕೊಳ್ಳಬಹುದು. ಪ್ರಯೋಗ ಪುಸ್ತಕವನ್ನು ಬೇರೊಂದು ಗ್ರಂಥಾಲಯ ಕೊಳ್ಳಬಹುದು. ಆ ಪುಸ್ತಕದಲ್ಲಿ ಮಿಶ್ರಣಗಳ ಹೆಸರು ಕಳ್ಳರ ಕೈಗೆ ಸಿಗದಿರಲೆಂದು ಸಂಕೇತದ ಅಂಕಿಗಳಲ್ಲಿವೆ. ಆ ಸಂಕೇತಗಳನ್ನು ಬಿಡಿಸಲು ಅವನ ಇತರ ಟಿಪ್ಪಣಿಗಳೂ ಪತ್ರಗಳೂ ಬೇಕು. ಬಿಲ್ಲೆ ಒಂದು ಕಡೆ, ಪುಸ್ತಕ ಒಂದು ಕಡೆ, ಪತ್ರಗಳು ಇನ್ನೊಂದು ಕಡೆ ಹೋದ ದಿನ ಮೂರೂ ಮೂಕವಾಗುತ್ತವೆ. ಬಿಲ್ಲೆ ಇಲ್ಲದ ಪುಸ್ತಕದಲ್ಲಿ ಪಾಕ ಇದೆ, ಫಲ ಕಾಣುವುದಿಲ್ಲ. ಪುಸ್ತಕ ಇಲ್ಲದ ಬಿಲ್ಲೆಯಲ್ಲಿ ಫಲ ಇದೆ, ಅದು ಹೇಗೆ ಬಂತೆಂಬುದು ಗೊತ್ತಾಗುವುದಿಲ್ಲ. ಮೂರೂ ಒಂದೇ ಕೋಣೆಯಲ್ಲಿದ್ದರೆ, 18ನೆಯ ಶತಮಾನದ ಒಬ್ಬ ಕುಶಲಕರ್ಮಿ ಯಾವ ತಪ್ಪಿನಿಂದ ಯಾವ ಸರಿಗೆ ಹೇಗೆ ಬಂದ ಎಂಬುದನ್ನು ಒಂದೊಂದು ಹೆಜ್ಜೆಯಾಗಿ ಹಿಂಬಾಲಿಸಬಹುದು. ಕುಶಲಕರ್ಮಿಗಳ ಚರಿತ್ರೆಯಲ್ಲಿ ಇಷ್ಟು ಸ್ಪಷ್ಟವಾದ ಜಾಡು ಸಿಗುವುದು ಬಹಳ ಅಪರೂಪ. ವೆಡ್ಜ್‌ವುಡ್ಡನಿಗೂ ಇದರ ಅರಿವಿತ್ತು. 1774ರಲ್ಲಿ ತನ್ನ ಪಾಲುಗಾರ ಥಾಮಸ್ ಬೆಂಟ್ಲಿಗೆ ಬರೆದ ಪತ್ರದಲ್ಲಿ, ತಾನು ಮಾಡಿದ ಪ್ರತಿ ಹೊಸ ವಸ್ತುವಿನ ಒಂದೊಂದು ಮಾದರಿಯನ್ನು ಉಳಿಸಿಕೊಳ್ಳಲಿಲ್ಲವಲ್ಲ ಎಂದು ಹಳಹಳಿಸಿದ್ದಾನೆ. ಅಂಥ ಸಂಗ್ರಹ ಇದ್ದಿದ್ದರೆ ಮೂಲಬೆಲೆಯ ಇಪ್ಪತ್ತು ಪಟ್ಟು ಕೊಡಲೂ ಸಿದ್ಧನಿದ್ದೆ ಎಂದೂ, ಇನ್ನು ಮುಂದಾದರೂ ಶುರುಮಾಡುತ್ತೇನೆ ಎಂದೂ ಬರೆದಿದ್ದಾನೆ. ಬಾರ್ಲಸ್ಟನ್ನಿನ ಸಂಗ್ರಹದ ಬೇರು ಆ ನಿರ್ಧಾರದಲ್ಲಿದೆ.

ಇಷ್ಟು ಹೇಳಿದ ಮಾತ್ರಕ್ಕೆ ಹರಾಜನ್ನು ಖಳನನ್ನಾಗಿ ನಿಲ್ಲಿಸುವುದು ನ್ಯಾಯವಲ್ಲ. ಇಂಗ್ಲೆಂಡಿನ ಪಿಂಗಾಣಿ ಬೆಳೆದದ್ದೇ ಹರಾಜಿನ ಸದ್ದಿನ ನಡುವೆ. ಚೆಲ್ಸೀ ಕಾರ್ಖಾನೆ 1750ರ ದಶಕದಲ್ಲೇ ತನ್ನ ಮಾಲನ್ನು ಹರಾಜಿನಲ್ಲಿ ಮಾರುತ್ತಿತ್ತು. ಅದಕ್ಕೆಂದು ಅಚ್ಚು ಹಾಕಿಸಿದ ಪಟ್ಟಿಗಳಿಂದಲೇ ಇವತ್ತು ನಾವು ಯಾವ ಮಾದರಿ ಯಾವ ವರ್ಷ ಬಂತು ಎಂದು ಹೇಳಬಲ್ಲೆವು. 1780ರ ನವೆಂಬರ್‌ನಲ್ಲಿ ಬೆಂಟ್ಲಿ ತೀರಿಕೊಂಡ. ಅಲಂಕಾರದ ವಸ್ತುಗಳ ವ್ಯಾಪಾರ ಇಬ್ಬರ ಹೆಸರಿನಲ್ಲಿದ್ದದ್ದರಿಂದ ದಾಸ್ತಾನನ್ನು ಬೆಂಟ್ಲಿಯ ವಿಧವೆಗೂ ವೆಡ್ಜ್‌ವುಡ್ಡನಿಗೂ ಪಾಲು ಮಾಡಬೇಕಾಯಿತು. 1781ರ ಡಿಸೆಂಬರ್‌ನಲ್ಲಿ ಲಂಡನ್ನಿನ ಪಾಲ್‌ಮಾಲ್ ರಸ್ತೆಯಲ್ಲಿದ್ದ ಕ್ರಿಸ್ಟಿಯ ಹರಾಜು ಮನೆಯಲ್ಲಿ ಹನ್ನೆರಡು ದಿನಗಳ ಮಾರಾಟ ನಡೆಯಿತು. ಹೂದಾನಿಗಳು, ಪದಕಗಳು, ಕಪ್ಪು ಬಸಾಲ್ಟ್ ಮೂರ್ತಿಗಳು 1,200 ಗುಂಪುಗಳಾಗಿ ಹೋದವು. ಇದರಿಂದ ಚರಿತ್ರೆಗೆ ಯಾವ ನಷ್ಟವೂ ಆಗಲಿಲ್ಲ. ಅವೆಲ್ಲ ಮಾರಲೆಂದೇ ಮಾಡಿದವು. ಕೊಂಡವರ ಮನೆಗಳಲ್ಲಿ ಅವು ಸೇರಬೇಕಾದ ಜಾಗವನ್ನೇ ಸೇರಿದವು.

ಇನ್ನೂ ಮುಂದೆ ಹೋಗಿ ಹೇಳಬಹುದು: ವೆಡ್ಜ್‌ವುಡ್ಡನ ಜೀವನದ ಅತಿ ದೊಡ್ಡ ಕೆಲಸಕ್ಕೆ ದಾರಿಯಾದದ್ದೂ ಒಂದು ಹರಾಜೇ. 1785ರಲ್ಲಿ ಪೋರ್ಟ್‌ಲ್ಯಾಂಡಿನ ಡಚೆಸ್ ತೀರಿಕೊಂಡ ಮೇಲೆ, 1786ರಲ್ಲಿ ಅವಳ ಸಂಗ್ರಹವನ್ನು 38 ದಿನಗಳ ಕಾಲ, ನಾಲ್ಕು ಸಾವಿರಕ್ಕೂ ಹೆಚ್ಚು ಗುಂಪುಗಳಾಗಿ ಮಾರಲಾಯಿತು. ಅದರಲ್ಲಿ ಪ್ರಾಚೀನ ರೋಮಿನ ಕಡುನೀಲಿ ಗಾಜಿನ ಹೂದಾನಿಯೊಂದಿತ್ತು. ಅವಳ ಮಗನಾದ ಡ್ಯೂಕ್ ಅದನ್ನು 980 ಗಿನಿಗೆ ಕೊಂಡು, ಕೆಲವೇ ದಿನಗಳಲ್ಲಿ ವೆಡ್ಜ್‌ವುಡ್ಡನಿಗೆ ಎರವಲು ಕೊಟ್ಟ. ಗಾಜಿನಲ್ಲಿದ್ದದ್ದನ್ನು ಜಾಸ್ಪರ್ ಮಣ್ಣಿನಲ್ಲಿ ತರಲು ವೆಡ್ಜ್‌ವುಡ್ಡನಿಗೆ ಮೂರು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ಮೈ ಬಿರಿಯಿತು, ಗುಳ್ಳೆ ಎದ್ದಿತು, ಬಿಳಿಯ ಆಕೃತಿಗಳು ಸುಡುವಾಗ ಎದ್ದು ಬಂದವು. 1790ರಲ್ಲಿ ಲಂಡನ್ನಿನಲ್ಲಿ ಪ್ರದರ್ಶನಕ್ಕೆ ಇಟ್ಟ ಪ್ರತಿಯನ್ನು ನೋಡಿ ಚಿತ್ರಕಾರ ಜೋಷುವಾ ರೆನಾಲ್ಡ್ಸ್ ಅದು ಮೂಲಕ್ಕೆ ನಿಷ್ಠವಾಗಿದೆ ಎಂದು ಪ್ರಮಾಣಿಸಿದ. ಹರಾಜು ಇಲ್ಲದಿದ್ದರೆ ಆ ಹೂದಾನಿ ಎರವಲಾಗಿ ಕಾರ್ಖಾನೆಗೆ ಬರುತ್ತಿತ್ತೇ ಎಂಬುದು ಅನುಮಾನ. ಇದೇ ಗಾಜಿನ ಹೂದಾನಿ 1929ರಲ್ಲಿ ಮತ್ತೆ ಕ್ರಿಸ್ಟೀಸ್ ಹರಾಜಿಗೆ ಬಂದಾಗ ಬೆಲೆ 29,000 ಗಿನಿಯವರೆಗೆ ಏರಿಯೂ ಒಡೆಯ ಬಯಸಿದ ಮಟ್ಟ ಮುಟ್ಟದೆ ಉಳಿಯಿತು. ಕೊನೆಗೆ 1945ರಲ್ಲಿ ಬ್ರಿಟಿಷ್ ಮ್ಯೂಸಿಯಂ ಅದನ್ನು ಕೊಂಡಿತು. ಒಂಟಿಯಾಗಿ ನಿಲ್ಲಬಲ್ಲ, ತನ್ನ ಮಾತನ್ನು ತಾನೇ ಹೇಳಬಲ್ಲ ವಸ್ತುವಿನ ಬೆಲೆಯನ್ನು ಹರಾಜು ಹೇಗೋ ಕಂಡುಕೊಳ್ಳುತ್ತದೆ. ತಪ್ಪುವುದು ಒಂದಕ್ಕೊಂದು ಹೊಂದಿಕೊಂಡು ಮಾತ್ರ ಅರ್ಥ ಪಡೆಯುವ ವಸ್ತುಗಳ ವಿಷಯದಲ್ಲಿ.

ಆ ತಪ್ಪಿಗೆ ವೆಡ್ಜ್‌ವುಡ್ ಮನೆತನದ ಚರಿತ್ರೆಯೊಳಗೇ ಸಾಕ್ಷಿ ಇದೆ. ಜೋಸಾಯ 1795ರಲ್ಲಿ ತೀರಿಕೊಂಡ. ಅವನ ಮಗ, ಎರಡನೆಯ ಜೋಸಾಯ, 1843ರಲ್ಲಿ. ಅವನ ನಂತರದ ಗಡಿಬಿಡಿಯಲ್ಲಿ ಕಾರ್ಖಾನೆಯ ಹಳೆಯ ಕಾಗದಗಳ ದೊಡ್ಡ ರಾಶಿಯೊಂದು ರದ್ದಿಗೆ ಹೋಯಿತು. ಅದು ಬರ್ಮಿಂಗ್‌ಹ್ಯಾಮಿನ ಗುಜರಿಯವನೊಬ್ಬನ ಕೈ ಸೇರಿ ಬೆಣ್ಣೆ, ಮಾಂಸ ಕಟ್ಟುವ ಕಾಗದವಾಗುತ್ತಿತ್ತು. ಲಿವರ್‌ಪೂಲಿನ ಅಕ್ಕಸಾಲಿಗನೂ ಪುರಾತನ ವಸ್ತುಗಳ ಸಂಗ್ರಾಹಕನೂ ಆಗಿದ್ದ ಜೋಸೆಫ್ ಮೇಯರ್ 1840ರ ದಶಕದಲ್ಲಿ ಅದನ್ನು ಕಂಡು, ಉಳಿದಿದ್ದಷ್ಟನ್ನೂ ಕೊಂಡುಕೊಂಡ. ಅವನು ಉಳಿಸಿದ ಆ ಕಾಗದಗಳನ್ನು ಓದಿಯೇ ಎಲೈಜಾ ಮೆಟಿಯಾರ್ಡ್ 1865-66ರಲ್ಲಿ ವೆಡ್ಜ್‌ವುಡ್ಡನ ಮೊದಲ ದೊಡ್ಡ ಜೀವನಚರಿತ್ರೆ ಬರೆದಳು. ಮಾರುಕಟ್ಟೆ ಆ ಕಾಗದಗಳಿಗೆ ತೂಕದ ಬೆಲೆ ಕಟ್ಟಿತ್ತು ಎಂಬುದನ್ನು ಗಮನಿಸಬೇಕು. ಅದರಲ್ಲಿ ಮಾರುಕಟ್ಟೆಯ ಮೋಸವೇನೂ ಇರಲಿಲ್ಲ. ಅಂದು ಆ ಕಾಗದ ಬೇಕೆನ್ನುವವರು ಇರಲಿಲ್ಲ, ಅಷ್ಟೆ. ಬೇಕೆನ್ನುವವರು ಇಪ್ಪತ್ತು ವರ್ಷ ತಡವಾಗಿ ಹುಟ್ಟಿಕೊಂಡರು. ಬೆಂಟ್ಲಿ ವೆಡ್ಜ್‌ವುಡ್ಡನಿಗೆ ಬರೆದ ಪತ್ರಗಳಲ್ಲಿ ಬಹುಪಾಲು ಇಂದು ಸಿಗುವುದಿಲ್ಲ. ವೆಡ್ಜ್‌ವುಡ್ ಅವನಿಗೆ ಬರೆದವು ಮಾತ್ರ ಉಳಿದಿವೆ. ಅವರಿಬ್ಬರ ಹನ್ನೆರಡು ವರ್ಷಗಳ ಪಾಲುಗಾರಿಕೆಯನ್ನು ನಾವು ಒಬ್ಬನ ಬಾಯಿಂದಷ್ಟೇ ಕೇಳುವಂತಾಗಿದೆ.

ಇನ್ನೊಂದು ನಿದರ್ಶನ ನಮ್ಮ ಕಾಲದ್ದು. ಥಾಮಸ್ ಮಿಂಟನ್ 1793ರಲ್ಲಿ ಸ್ಟೋಕ್ ಊರಿನಲ್ಲಿ ಸ್ಥಾಪಿಸಿದ ಮಿಂಟನ್ ಕಾರ್ಖಾನೆ 19ನೆಯ ಶತಮಾನದಲ್ಲಿ ವೆಡ್ಜ್‌ವುಡ್ಡಿಗೆ ಸಮಸಮವಾಗಿ ನಿಂತಿತ್ತು. ಅದಕ್ಕೂ ತನ್ನದೇ ಮ್ಯೂಸಿಯಂ ಇತ್ತು. ಕಂಪನಿ ಕೈಯಿಂದ ಕೈಗೆ ದಾಟಿ, ಮ್ಯೂಸಿಯಮ್ಮಿನ ಪಿಂಗಾಣಿ 2002ರಲ್ಲಿ ಬೊನ್‌ಹ್ಯಾಮ್ಸ್ ಹರಾಜಿನಲ್ಲಿ ಬಿಕರಿಯಾಯಿತು. ಆದರೆ ಮಿಂಟನ್ನಿನ ವಿನ್ಯಾಸ ಪುಸ್ತಕಗಳು, ನಕ್ಷೆಗಳು, ಪತ್ರಗಳು ಬೇರೆಯಾಗಿ ಉಳಿದವು. 2015ರಲ್ಲಿ ಸಾರ್ವಜನಿಕ ನಿಧಿಗಳ ನೆರವಿನಿಂದ ಅವನ್ನು ಕೊಂಡು ಸ್ಟೋಕ್-ಆನ್-ಟ್ರೆಂಟ್ ನಗರಕ್ಕೆ ಕೊಡಲಾಯಿತು. ಹೀಗಾಗಿ ಇಂದು ಮಿಂಟನ್ನಿನ ಚಿತ್ರಪುಸ್ತಕ ಅದರ ಊರಿನಲ್ಲಿದೆ, ಅದನ್ನು ನೋಡಿ ಮಾಡಿದ, ಕಾರ್ಖಾನೆಯೇ ಉಳಿಸಿಕೊಂಡಿದ್ದ ಪಾತ್ರೆಗಳು ಹಲವು ಮನೆಗಳಿಗೆ ಚದುರಿವೆ. ಚಿತ್ರದಲ್ಲಿ ಬರೆದ ಹಸಿರು ಆವಿಗೆಯಿಂದ ಹೊರಬಂದಾಗ ಯಾವ ಹಸಿರಾಗಿತ್ತು ಎಂದು ಕೇಳುವ ವಿದ್ಯಾರ್ಥಿ ಹರಾಜಿನ ಪಟ್ಟಿ ಹಿಡಿದು ಕೊಂಡವರನ್ನು ಹುಡುಕುತ್ತ ಹೋಗಬೇಕು. ಅವರು ಬಾಗಿಲು ತೆರೆಯುತ್ತಾರೆಂಬ ಖಾತರಿ ಇಲ್ಲ.

ವೆಡ್ಜ್‌ವುಡ್ ಸಂಗ್ರಹ ಅದೇ ಹಾದಿ ಹಿಡಿಯುವುದರಲ್ಲಿತ್ತು. ಅದಕ್ಕೆ ಕಾರಣವಾದ ಎಡವಟ್ಟು ಪಿಂಗಾಣಿಗೆ ಯಾವ ರೀತಿಯಲ್ಲೂ ಸಂಬಂಧಿಸಿದ್ದಲ್ಲ. ಮಾತೃಕಂಪನಿ ವಾಟರ್‌ಫರ್ಡ್ ವೆಡ್ಜ್‌ವುಡ್ 2009ರ ಜನವರಿಯಲ್ಲಿ ದಿವಾಳಿಯಾಯಿತು. ಅದರ ಪಿಂಚಣಿ ಯೋಜನೆಯಲ್ಲಿ ಸುಮಾರು 7,000 ಸದಸ್ಯರಿದ್ದರು. ಕೊರತೆ 13 ಕೋಟಿ 40 ಲಕ್ಷ ಪೌಂಡ್. ಮ್ಯೂಸಿಯಂ ಪ್ರತ್ಯೇಕ ಟ್ರಸ್ಟಿನ ಕೈಯಲ್ಲಿತ್ತು. ಆದರೆ ಅದರ ಐದು ಮಂದಿ ನೌಕರರು ಇದೇ ಪಿಂಚಣಿ ಯೋಜನೆಯ ಸದಸ್ಯರಾಗಿದ್ದರು. ಹಲವು ಸಂಸ್ಥೆಗಳು ಸೇರಿ ನಡೆಸುವ ಯೋಜನೆಯಲ್ಲಿ ಉಳಿದವರೆಲ್ಲ ದಿವಾಳಿಯಾದರೆ, ಕೊನೆಗೆ ನಿಂತವನ ತಲೆಗೆ ಇಡೀ ಸಾಲ ಬರುತ್ತದೆ ಎಂಬುದು ಕಾನೂನು. ಕೊನೆಗೆ ನಿಂತದ್ದು ಮ್ಯೂಸಿಯಂ. ಐದು ನೌಕರರ ದೆಸೆಯಿಂದ ಏಳು ಸಾವಿರ ಜನರ ಕೊರತೆ ಅದರ ಮೇಲೆ ಬಿತ್ತು. 2010ರಲ್ಲಿ ಟ್ರಸ್ಟು ಆಡಳಿತಾಧಿಕಾರಿಗಳ ವಶಕ್ಕೆ ಹೋಯಿತು. ಸಂಗ್ರಹ ಟ್ರಸ್ಟಿನ ಸ್ವಂತ ಆಸ್ತಿಯೋ, ಯಾರೂ ಮುಟ್ಟಬಾರದ ದತ್ತಿಯೋ ಎಂಬ ಪ್ರಶ್ನೆ ಕೋರ್ಟಿಗೆ ಹೋಗಿ, ಆಸ್ತಿ ಎಂದು ತೀರ್ಮಾನವಾಯಿತು. 2012ರ ಮಾರ್ಚ್‌ನಲ್ಲಿ ಅಟಾರ್ನಿ ಜನರಲ್ ಮೇಲ್ಮನವಿ ಸಲ್ಲಿಸದಿರಲು ನಿರ್ಧರಿಸಿದರು. ತೀರ್ಪನ್ನು ಬಯ್ಯುವುದರಲ್ಲಿ ಅರ್ಥವಿಲ್ಲ. ನ್ಯಾಯಾಲಯ ಕಾನೂನನ್ನು ಓದಿತು. ಸಂಗ್ರಹವನ್ನು ಕಾಯಬೇಕಾದ ಸಂಸ್ಥೆಯೇ ಕಂಪನಿಯ ಪಿಂಚಣಿ ಹೊಣೆಯನ್ನೂ ಹೊತ್ತ ನೌಕರಿದಾತನಾಗಿರುವಂತೆ ಬಿಟ್ಟದ್ದು ಮೂಲದ ತಪ್ಪು.

ಇಲ್ಲಿ ಅತ್ಯಂತ ಭಾರದ ಆಕ್ಷೇಪವನ್ನು ಎದುರಿಸಬೇಕು. ಜೀವಮಾನವಿಡೀ ಕಾರ್ಖಾನೆಯಲ್ಲಿ ದುಡಿದವರ ಪಿಂಚಣಿ ದೊಡ್ಡದೋ, ಗಾಜಿನ ಕಪಾಟಿನೊಳಗಿನ ಹೂದಾನಿ ದೊಡ್ಡದೋ? ಸ್ಟೋಕ್ ಸೀಮೆಯಲ್ಲಿ ಈ ಪ್ರಶ್ನೆಯನ್ನು ಹಗುರವಾಗಿ ಕೇಳಲಾಗದು. ಅಲ್ಲಿನ ಕೆಲಸಗಾರರ ತಲೆಮಾರುಗಳು ಚಕಮಕಿ ಕಲ್ಲಿನ ದೂಳು ಕುಡಿದು ಶ್ವಾಸಕೋಶ ಕಳೆದುಕೊಂಡಿವೆ, ಮೆರುಗಿನ ಸೀಸದಿಂದ ನರಳಿವೆ. ಪಿಂಚಣಿದಾರರೇ ಮೊದಲು ಎಂದು ಯಾರಾದರೂ ಹೇಳಿದರೆ ನಾನು ಒಪ್ಪುತ್ತೇನೆ. ಆದರೆ ಲೆಕ್ಕ ನೋಡಿ. ಇಡೀ ಸಂಗ್ರಹಕ್ಕೆ ಕಟ್ಟಿದ ಬೆಲೆ 1 ಕೋಟಿ 57 ಲಕ್ಷ 50 ಸಾವಿರ ಪೌಂಡ್. ಕೊರತೆಯ ನೂರಕ್ಕೆ ಹನ್ನೆರಡರಷ್ಟು ಮಾತ್ರ. ಇಂಥ ದಿವಾಳಿಗಳಲ್ಲಿ ಪಿಂಚಣಿದಾರರನ್ನು ಕಾಯಲೆಂದೇ 2005ರಲ್ಲಿ ಕಾನೂನಿನ ಮೂಲಕ ಬ್ರಿಟನ್ನಿನಲ್ಲಿ ಪೆನ್ಷನ್ ಪ್ರೊಟೆಕ್ಷನ್ ಫಂಡ್ ಸ್ಥಾಪನೆಯಾಗಿತ್ತು. ಈ ಯೋಜನೆಗೂ ಅದರ ಆಸರೆ ಸಿಕ್ಕಿತ್ತು. ಅಷ್ಟರಿಂದ ಸಾಲಗಾರರ ಹಕ್ಕು ಅಳಿಯಿತು ಎಂದು ನಾನು ಹೇಳುತ್ತಿಲ್ಲ. ಅವರಿಗೆ ಸಲ್ಲಬೇಕಾದ ಹಣ ಸಲ್ಲಲೇಬೇಕು, ಆದರೆ ಅದಕ್ಕಾಗಿ ಸಂಗ್ರಹವನ್ನು ಸಾವಿರ ಗುಂಪುಗಳಾಗಿ ಒಡೆಯಬೇಕಾಗಿಲ್ಲ. ಇನ್ನೊಂದು ಮಾತೂ ಇದೆ. ಆ ದಾಖಲೆಗಳಲ್ಲಿ ಕೂಲಿಯ ಲೆಕ್ಕಗಳಿವೆ, ಆವಿಗೆಗೆ ಏನೇನು ಹೋಯಿತೆಂದು ಬರೆದ ಪುಸ್ತಕಗಳಿವೆ. ವೆಡ್ಜ್‌ವುಡ್ಡನ ಹೆಸರು ಎಲ್ಲೆಡೆ ಉಳಿಯುತ್ತದೆ. ಅವನಿಗೆ ಉಬ್ಬುಚಿತ್ರ ಕೊರೆದವರು, ಮಣ್ಣು ಹದಮಾಡಿದವರು ಉಳಿದಿರುವುದು ಈ ಪುಟಗಳಲ್ಲಿ ಮಾತ್ರ. ಗುಲಾಮಗಿರಿಯ ವಿರುದ್ಧ 1787ರಲ್ಲಿ ವೆಡ್ಜ್‌ವುಡ್ ಹೊರತಂದ, ಸಂಕೋಲೆ ತೊಟ್ಟು ಮೊಣಕಾಲೂರಿದ ಮನುಷ್ಯನ ಚಿತ್ರವಿರುವ ಪುಟ್ಟ ಪದಕ ಲೋಕಪ್ರಸಿದ್ಧ. ಅದರ ಅಚ್ಚು ರೂಪಿಸಿದವನು ವಿಲಿಯಂ ಹ್ಯಾಕ್‌ವುಡ್ ಎಂಬ ಕಾರ್ಖಾನೆಯ ಕೆಲಸಗಾರ. ಹಾಗೆ ನೋಡಿದರೆ, ಈ ಸಂಗ್ರಹದ ಮೇಲೆ ಪಿಂಚಣಿದಾರರಿಗೆ ಹಣದ ಹಕ್ಕಿನ ಜೊತೆಗೆ ವಾರಸಿನ ಹಕ್ಕೂ ಇದೆ.

ಎರಡನೆಯ ಆಕ್ಷೇಪ ಸಂಗ್ರಾಹಕರ ಕಡೆಯಿಂದ ಬರುತ್ತದೆ, ಮತ್ತು ಅದರಲ್ಲಿ ಸತ್ಯವಿದೆ. ವ್ಯಾಪಾರಿಗಳು, ಹರಾಜುಗಳು, ಹುಚ್ಚು ಹಿಡಿದ ಸಂಗ್ರಾಹಕರು ಇಲ್ಲದಿದ್ದರೆ ಇಂಗ್ಲೆಂಡಿನ ಹಳೆಯ ಮಣ್ಣಿನ ಪಾತ್ರೆಗಳ ದೊಡ್ಡ ಭಾಗ ಹಿತ್ತಿಲಿನಲ್ಲಿ ಒಡೆದುಹೋಗುತ್ತಿತ್ತು. 17ನೆಯ ಶತಮಾನದ ಥಾಮಸ್ ಟಾಫ್ಟ್ ಎಂಬ ಕುಂಬಾರನ ದೊಡ್ಡ ತಟ್ಟೆಗಳನ್ನು ನೋಡಿ. ಮಣ್ಣಿನ ಮೈಗೆ ಬಿಳಿಯ ಕೆಸರು ಬಳಿದು, ಅದರ ಮೇಲೆ ಕಂದು ಬಣ್ಣದ ಕೆಸರನ್ನು ರಂಗೋಲಿ ಎಳೆದ ಹಾಗೆ ಎಳೆದು ಮತ್ಸ್ಯಕನ್ಯೆ, ರಾಜ, ಹಕ್ಕಿಗಳನ್ನು ಬಿಡಿಸಿ, ಅಂಚಿನಲ್ಲಿ ದೊಡ್ಡ ಅಕ್ಷರಗಳಲ್ಲಿ ತನ್ನ ಹೆಸರು ಬರೆದಿದ್ದಾನೆ. ಇಂಥ ಹಳ್ಳಿಗಾಡಿನ ಪಾತ್ರೆಗಳನ್ನು ವಿದ್ವಾಂಸರು ಕಣ್ಣೆತ್ತಿ ನೋಡದಿದ್ದಾಗ ಕೇಂಬ್ರಿಜ್‌ನ ಗಣಿತಜ್ಞ ಜೆ. ಡಬ್ಲ್ಯು. ಎಲ್. ಗ್ಲೇಶರ್ ಅವುಗಳನ್ನು ಕೂಡಿಟ್ಟ. 1928ರಲ್ಲಿ ಅವನು ತೀರಿಕೊಂಡಾಗ ಇಡೀ ಸಂಗ್ರಹ ಫಿಟ್ಜ್‌ವಿಲಿಯಂ ಮ್ಯೂಸಿಯಂ ಸೇರಿತು. ಲೇಡಿ ಶಾರ್ಲೆಟ್ ಶ್ರೈಬರ್ ಯುರೋಪಿನ ಅಂಗಡಿಗಳನ್ನೆಲ್ಲ ಜಾಲಾಡಿ ಇಂಗ್ಲಿಷ್ ಪಿಂಗಾಣಿ ಕೂಡಿಸಿ, 1880ರ ದಶಕದಲ್ಲಿ ಸುಮಾರು 1,800 ವಸ್ತುಗಳನ್ನು ಲಂಡನ್ನಿನ ಸೌತ್ ಕೆನ್ಸಿಂಗ್ಟನ್ ಮ್ಯೂಸಿಯಮ್ಮಿಗೆ ಕೊಟ್ಟಳು. ಇವರಿಗೆ ಚರಿತ್ರೆ ಋಣಿಯಾಗಿದೆ. ಆದರೆ ಇವರ ಉದಾಹರಣೆ ನನ್ನ ವಾದವನ್ನೇ ಬಲಪಡಿಸುತ್ತದೆ. ಟಾಫ್ಟ್‌ನ ತಟ್ಟೆ ತನ್ನ ಹೆಸರನ್ನು, ಚಿತ್ರವನ್ನು ತನ್ನ ಮೈಮೇಲೆ ಹೊತ್ತಿದೆ. ಅದರ ಜೊತೆಗೆ ಉಳಿದುಬಂದ ಪ್ರಯೋಗ ಪುಸ್ತಕವಿಲ್ಲ, ಆದ್ದರಿಂದ ಹರಾಜಿನಿಂದ ಕಳೆದುಹೋಗುವಂಥದ್ದೂ ಇಲ್ಲ. ಗ್ಲೇಶರ್ ಮತ್ತು ಶ್ರೈಬರ್ ಮಾಡಿದ್ದು ಚದುರಿದ್ದನ್ನು ಕೂಡಿಸುವ ಕೆಲಸ, ಕೂಡಿಸಿದ್ದನ್ನು ಕೂಡಿಯೇ ಕೊಟ್ಟರು. ಹುಟ್ಟಿದಾಗಿನಿಂದ ಕೂಡಿಯೇ ಇರುವ ಸಂಗ್ರಹವನ್ನು ಚದುರಿಸಿ, ಇನ್ನೊಬ್ಬ ಗ್ಲೇಶರ್ ಹುಟ್ಟಿ ಅದನ್ನು ಮತ್ತೆ ಕೂಡಿಸಲಿ ಎಂದು ಕಾಯುವುದು ಯಾವ ಜಾಣತನ?

ಎಲ್ಲದರ ಫೋಟೊ ತೆಗೆದು, ಕಾಗದಗಳನ್ನು ಸ್ಕ್ಯಾನ್ ಮಾಡಿ, ಆಮೇಲೆ ಮಾರಿದರೆ ಆಗದೇ ಎಂದು ಕೇಳುವವರೂ ಇದ್ದಾರೆ. ಪತ್ರಗಳ ಮಟ್ಟಿಗೆ ಇದು ಅರ್ಧ ಸರಿ. ಬಿಲ್ಲೆಗಳ ಮಟ್ಟಿಗೆ ಸರಿಯಲ್ಲ. ಫೋಟೊ ಇವತ್ತು ನಮಗೆ ಹೊಳೆದ ಪ್ರಶ್ನೆಗಳಿಗಷ್ಟೇ ಉತ್ತರ ಕೊಡುತ್ತದೆ. ಮಣ್ಣಿನಲ್ಲಿ ಬೇರಿಯಂ ಎಷ್ಟಿದೆ, ಕಾವು ಎಲ್ಲಿಯವರೆಗೆ ಏರಿತ್ತು, ಬಣ್ಣಕ್ಕೆ ಬಳಸಿದ ಕೋಬಾಲ್ಟ್ ಯಾವ ಗಣಿಯದು ಎಂಬ ಪ್ರಶ್ನೆಗಳಿಗೆ ವಸ್ತುವೇ ಬೇಕು. ಮೆಟಿಯಾರ್ಡಳ ಕಾಲದವರಿಗೆ ಈ ಪ್ರಶ್ನೆಗಳು ಹೊಳೆದಿರಲಿಲ್ಲ. ನಾಳೆಯವರಿಗೆ ಏನು ಹೊಳೆಯಲಿದೆ ಎಂಬುದು ನಮಗೂ ತಿಳಿಯದು. ಹರಾಜು ನಡೆದಿದ್ದರೆ ಜಾರ್ಜ್ ಸ್ಟಬ್ಸ್ 1780ರಲ್ಲಿ ಬರೆದ ವೆಡ್ಜ್‌ವುಡ್ ಕುಟುಂಬದ ವರ್ಣಚಿತ್ರದಂಥ ಬೆರಳೆಣಿಕೆಯ ವಸ್ತುಗಳು ಹಣದ ದೊಡ್ಡ ಪಾಲು ತರುತ್ತಿದ್ದವು ಎಂದು ಊಹಿಸುವುದು ಕಷ್ಟವಲ್ಲ. ಸಾವಿರಾರು ಬಿಲ್ಲೆಗಳು ಒಂದು ಡಬ್ಬಿಯಲ್ಲಿ ಒಂದೇ ಗುಂಪಾಗಿ, ಯಾವುದೋ ಮಧ್ಯಾಹ್ನದ ಕೊನೆಯಲ್ಲಿ ಕೂಗಿಗೆ ಬರುತ್ತಿದ್ದವು. ಜ್ಞಾನದ ದೃಷ್ಟಿಯಿಂದ ಈ ಎರಡರ ಕ್ರಮ ತಲೆಕೆಳಗು.

ಕೊನೆಗೆ ಹಾಗಾಗಲಿಲ್ಲ. 1903ರಲ್ಲಿ ಸ್ಥಾಪನೆಯಾದ ಆರ್ಟ್ ಫಂಡ್ ಮುಂದಾಳತ್ವ ವಹಿಸಿ, ಲಾಟರಿ ಹಣದಿಂದ ನಡೆಯುವ ಪರಂಪರೆ ನಿಧಿಯಿಂದಲೂ ಖಾಸಗಿ ದಾನಿಗಳಿಂದಲೂ ಸುಮಾರು 1 ಕೋಟಿ 30 ಲಕ್ಷ ಪೌಂಡ್ ಹೊಂದಿಸಿತು. ಉಳಿದ 27 ಲಕ್ಷ 40 ಸಾವಿರಕ್ಕಾಗಿ 2014ರ ಸೆಪ್ಟೆಂಬರ್ 1ರಂದು ಜನರ ಮುಂದೆ ಕೈಚಾಚಿತು. ನವೆಂಬರ್ ಕೊನೆಯವರೆಗೆ ಗಡುವಿತ್ತು. ಸಾವಿರಾರು ಜನ ಕೈಲಾದಷ್ಟು ಕೊಟ್ಟರು. ಅಕ್ಟೋಬರ್ ಮೊದಲ ವಾರದಲ್ಲೇ ಮೊತ್ತ ತುಂಬಿತು. ಇದರಲ್ಲಿ ನನ್ನ ವಾದಕ್ಕೆ ತೊಡಕಾಗುವ ಒಂದು ಸಂಗತಿಯೂ ಇದೆ: ಆ 1 ಕೋಟಿ 57 ಲಕ್ಷದ ಬೆಲೆ ಹರಾಜು ಪೇಟೆಯ ಅಂದಾಜಿನಿಂದಲೇ ಬಂದದ್ದು. ನಿಜ. ಹರಾಜು ನಡೆಯದಿದ್ದರೂ ಸುತ್ತಿಗೆಯ ನೆರಳು ಇತ್ತು, ಸಾಲಗಾರರಿಗೆ ಮೋಸವಾಗದಂಥ ಒಂದು ಅಂಕಿಯನ್ನು ಅದೇ ಒದಗಿಸಿತು. ಆ ಅಂಕಿ ಬಿಡಿ ವಸ್ತುಗಳ ಬೆಲೆಯ ಮೊತ್ತ. ಕೊಟ್ಟವರು ಆ ಮೊತ್ತ ತೆತ್ತು, ಅದರಲ್ಲಿ ಲೆಕ್ಕಕ್ಕೆ ಬಾರದಿದ್ದ ಒಟ್ಟುತನವನ್ನು ಉಳಿಸಿಕೊಂಡರು. ಒಮ್ಮೆ ಟ್ರಸ್ಟಿನ ಕೈಯಲ್ಲಿದ್ದದ್ದಕ್ಕೆ ಸಾರ್ವಜನಿಕರು ಮತ್ತೆ ಹಣ ಕೊಡಬೇಕಾಯಿತಲ್ಲ ಎಂಬ ಬೇಸರ ನ್ಯಾಯವಾದದ್ದೇ. ಆದರೆ ಆ ಹೊತ್ತಿಗೆ ಬೇರೆ ದಾರಿ ಉಳಿದಿರಲಿಲ್ಲ.

ಸಂಗ್ರಹ ಉಳಿದ ಎರಡೇ ವರ್ಷಕ್ಕೆ, 2016ರ ಜುಲೈನಲ್ಲಿ, ಲಂಡನ್ನಿನ ಕ್ರಿಸ್ಟೀಸ್‌ನಲ್ಲಿ ವೆಡ್ಜ್‌ವುಡ್ಡನ ಒಂದು ಕಪ್ಪು ಹೂದಾನಿ ಹರಾಜಿಗೆ ಬಂತು. ಎಟ್ರೂರಿಯಾ ಎಂದು ಹೆಸರಿಟ್ಟ ಹೊಸ ಕಾರ್ಖಾನೆ ತೆರೆದ 1769ರ ಜೂನ್ 13ರಂದು ಅವನೇ ತಿಗರಿಯ ಮುಂದೆ ಕೂತು ಮಾಡಿದ ಆರು ಹೂದಾನಿಗಳಲ್ಲಿ ಅದೊಂದು. ಹಿಂದಿನ ವರ್ಷವಷ್ಟೇ ಅವನ ಬಲಗಾಲನ್ನು ಕತ್ತರಿಸಲಾಗಿತ್ತು. ಅಂದು ಚಕ್ರ ತಿರುಗಿಸಿದವನು ಬೆಂಟ್ಲಿ. ಆರರಲ್ಲಿ ನಾಲ್ಕು ಮಾತ್ರ ಉಳಿದಿವೆ. ಮಾಡಿದ ದಿನ, ಜಾಗ, ಇಬ್ಬರ ಹೆಸರು ಎಲ್ಲವನ್ನೂ ಅದರ ಮೈಮೇಲೆ ಕೆಂಪು ಬಣ್ಣದಲ್ಲಿ ಬರೆದಿದೆ. ವಿದೇಶಕ್ಕೆ ಹೋಗಲಿದ್ದ ಅದಕ್ಕೆ ಸರ್ಕಾರ ರಫ್ತು ತಡೆ ಹಾಕಿತು. ಸ್ಟೋಕ್‌ನ ಪಾಟರೀಸ್ ಮ್ಯೂಸಿಯಂ 4,82,500 ಪೌಂಡ್ ಹೊಂದಿಸಿ 2017ರಲ್ಲಿ ಕೊಂಡುಕೊಂಡಿತು. ತನ್ನ ಕಥೆಯನ್ನು ತಾನೇ ಹೊತ್ತ ಇಂಥ ವಸ್ತು ಹರಾಜಿಗೆ ಬಂದರೆ ತಕ್ಕ ಕೊಳ್ಳುವವರನ್ನು ಹುಡುಕಲು ಸ್ವಲ್ಪ ಕಾಲಾವಕಾಶ ಸಾಕು. ಬಾರ್ಲಸ್ಟನ್ನಿನ ಬಿಲ್ಲೆಗಳಿಗೆ ಬೇಕಿದ್ದದ್ದು ಬೇರೆ ಬಗೆಯ ಕಾಪು. ಇಡೀ ಸಂಗ್ರಹವನ್ನು ಆರ್ಟ್ ಫಂಡ್ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿಗೆ ದಾನವಾಗಿ ಕೊಟ್ಟಿತು. ಆ ಮ್ಯೂಸಿಯಂ ಅದನ್ನು ದೀರ್ಘಾವಧಿಯ ಎರವಲಾಗಿ ಬಾರ್ಲಸ್ಟನ್ನಿನಲ್ಲೇ ಇಟ್ಟಿದೆ. ಕಾರ್ಖಾನೆ ಮತ್ತೆ ಕೈ ಬದಲಾಯಿಸಿ 2015ರಲ್ಲಿ ಫಿನ್ಲೆಂಡಿನ ಫಿಸ್ಕರ್ಸ್ ಕಂಪನಿಯ ಪಾಲಾಯಿತು. ಈ ಸಲ ಆ ವ್ಯವಹಾರದಲ್ಲಿ ಪ್ರಯೋಗ ಪುಸ್ತಕವಾಗಲಿ ಬಿಲ್ಲೆಗಳ ತಟ್ಟೆಗಳಾಗಲಿ ಇರಲಿಲ್ಲ. ಅವುಗಳ ಒಡೆತನ ಈಗ ರಾಷ್ಟ್ರೀಯ ಮ್ಯೂಸಿಯಮ್ಮಿನದು, ಮತ್ತು ಅಂಥ ಮ್ಯೂಸಿಯಂ ತನ್ನ ಸಂಗ್ರಹದ ವಸ್ತುಗಳನ್ನು ಮನಬಂದಂತೆ ಮಾರದಂತೆ 1983ರ ರಾಷ್ಟ್ರೀಯ ಪರಂಪರೆ ಕಾಯ್ದೆ ಕೈಕಟ್ಟುತ್ತದೆ.